ಶೂನ್ಯದಲ್ಲಿ ಹೊಳೆಯುವ ಮೈ: ಕಕ್ಷೆಯ ನೌಕೆಗಳ ಸುತ್ತ ಕಾಣುವ ಬೆಳಕಿನ ರಸಾಯನ

1982ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕೊಲಂಬಿಯಾ ಷಟಲ್ ನೌಕೆ ತನ್ನ ಮೂರನೆಯ ಯಾನದಲ್ಲಿ ಸುಮಾರು 240 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿತ್ತು. ಒಳಗಿದ್ದವರು ಇಬ್ಬರೇ: ಜ್ಯಾಕ್ ಲೌಸ್ಮಾ ಮತ್ತು ಗಾರ್ಡನ್ ಫುಲರ್ಟನ್. ಹಿಂಬದಿಯ ಸರಕು ಕೊಠಡಿಯಲ್ಲಿ ಎಲೆಕ್ಟ್ರಾನ್ ಕಿರಣವನ್ನು ಹೊರಕ್ಕೆ ಚಿಮ್ಮಿಸುವ ಉಪಕರಣವೊಂದಿತ್ತು. ಅದರ ಪರಿಣಾಮವನ್ನು ದಾಖಲಿಸಲೆಂದು ನೌಕೆ ಭೂಮಿಯ ನೆರಳಿನಲ್ಲಿದ್ದಾಗ ಕಿಟಕಿಯಿಂದ ಕೆಲವು ಚಿತ್ರಗಳನ್ನು ತೆಗೆಯಲಾಯಿತು. ಶಟರನ್ನು ಬಹಳ ಹೊತ್ತು ತೆರೆದಿಟ್ಟು ತೆಗೆದ ಆ ಚಿತ್ರಗಳಲ್ಲಿ ಯಾರೂ ನಿರೀಕ್ಷಿಸದ ಸಂಗತಿಯೊಂದು ಕಾಣಿಸಿಕೊಂಡಿತು. ನೌಕೆಯ ಲಂಬವಾದ ಬಾಲದ ಅಂಚಿಗೂ ಅದರ ಎರಡೂ ಪಕ್ಕದ ಎಂಜಿನ್ ಗೂಡುಗಳ ಮೇಲೂ ಕಿತ್ತಳೆಗೆಂಪು ಬಣ್ಣದ ತೆಳುವಾದ ಬೆಳಕು ಹೊದಿಸಿದಂತಿತ್ತು. ಎಲೆಕ್ಟ್ರಾನ್ ಕಿರಣವನ್ನು ಆರಿಸಿದ್ದಾಗಲೂ ಅದು ಇತ್ತು. ಹತ್ತಿರದಿಂದ ನೋಡಿದರೆ ಆ ಬೆಳಕು ಲೋಹದ ಮೈಯಿಂದಲೇ ಹೊರಟಂತಿರದೆ, ಮೈಗೆ ತಾಗಿಕೊಂಡು ಒಂದು ಗೇಣಿನಷ್ಟು ದೂರ ಹಬ್ಬಿ ಕ್ರಮೇಣ ಕತ್ತಲಲ್ಲಿ ಕರಗುತ್ತಿತ್ತು.

ಇದು ಬೆಂಕಿಯಲ್ಲ. ನೌಕೆ ಭೂಮಿಗೆ ಮರಳುವಾಗ ಸುತ್ತಲೂ ಉರಿಯುವ ಪ್ಲಾಸ್ಮಾ ಕೂಡ ಅಲ್ಲ. ಅದಕ್ಕೆ ಸಾವಿರಾರು ಡಿಗ್ರಿ ತಾಪ ಬೇಕು, ಇಲ್ಲಿ ಬಾಲದ ಮೈ ತಣ್ಣಗಿತ್ತು. ಅಂತರ್ಜಾಲದಲ್ಲಿ ಈ ಚಿತ್ರಗಳ ಕೆಳಗೆ ಇಂದಿಗೂ ‘ಪ್ಲಾಸ್ಮಾ’ ಎಂದು ಬರೆದಿರುವುದನ್ನು ನೋಡಿದಾಗ ಕೊಂಚ ಬೇಸರವಾಗುತ್ತದೆ, ಏಕೆಂದರೆ ನಿಜವಾದ ವಿವರಣೆ ಅದಕ್ಕಿಂತ ಹೆಚ್ಚು ಸ್ವಾರಸ್ಯಕರವಾದದ್ದು. ತಣ್ಣನೆಯ ಮೇಲ್ಮೈಯೊಂದರ ಮೇಲೆ ಅತಿ ವಿರಳವಾದ ಅನಿಲ ಬಂದು ಬಡಿದು, ಅಲ್ಲೇ ಹೊಸ ಅಣುವಾಗಿ ಮಾರ್ಪಟ್ಟು, ಪುಟಿದು ಹೋಗುವ ಹಾದಿಯಲ್ಲಿ ಬೆಳಕನ್ನು ಚೆಲ್ಲುತ್ತದೆ. ಉಪಗ್ರಹಗಳನ್ನು ಮತ್ತೆ ಕೆಳಗಿನ ಕಕ್ಷೆಗಳಿಗೆ ಇಳಿಸುವ ಮಾತು ಬಲವಾಗುತ್ತಿರುವ ಈ ಹೊತ್ತಿನಲ್ಲಿ, ಷಟಲ್ ಕಾಲದ ಕಡತದೊಳಗೆ ಮಲಗಿರುವ ಈ ವಿದ್ಯಮಾನವನ್ನು ಹೊರತೆಗೆದು ನೋಡುವುದು ಅಗತ್ಯವಾಗಿದೆ.

ಮೊದಲು ಅಲ್ಲಿರುವ ಅನಿಲ ಎಷ್ಟು ಎಂಬುದನ್ನು ನೋಡೋಣ. 250 ಕಿ.ಮೀ. ಎತ್ತರದಲ್ಲಿ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಸರಾಸರಿ 190 ಕೋಟಿಯಷ್ಟು ಕಣಗಳಿರುತ್ತವೆ. ಕೇಳಲು ದೊಡ್ಡದಾದರೂ ಸಮುದ್ರಮಟ್ಟದ ಗಾಳಿಗೆ ಹೋಲಿಸಿದರೆ ಅದು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೂ ಸಾಗುವುದಿಲ್ಲ. ಅಲ್ಲಿ ಅದು ಸುಮಾರು ಒಂದು ಕಿಲೋಮೀಟರ್ ದೂರ ಯಾರ ಗೊಡವೆಯೂ ಇಲ್ಲದೆ ಹೋಗಬಲ್ಲದು. ಆದ್ದರಿಂದ ಆ ಎತ್ತರದಲ್ಲಿ ‘ಗಾಳಿ ಬೀಸುವುದು’ ಎಂಬ ಮಾತಿಗೆ ನಮಗೆ ಪರಿಚಿತವಾದ ಅರ್ಥವಿಲ್ಲ. ಒಂದೊಂದು ಕಣವೂ ಬಿಡಿಬಿಡಿಯಾಗಿ ನೌಕೆಯ ಮೈಗೆ ತಾಗುತ್ತದೆ, ಬಿಡಿಬಿಡಿಯಾಗಿಯೇ ಹಿಂದಿರುಗುತ್ತದೆ.

ಆ ಕಣಗಳು ಯಾವುವು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ನಾವು ಉಸಿರಾಡುವ ಆಮ್ಲಜನಕ ಎರಡು ಪರಮಾಣುಗಳ ಜೋಡಿ. ಸೂರ್ಯನಿಂದ ಬರುವ ನೇರಳಾತೀತ ಕಿರಣಗಳಲ್ಲಿ 242 ನ್ಯಾನೊಮೀಟರಿಗಿಂತ (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಕಡಿಮೆ ತರಂಗಾಂತರದವು ಈ ಜೋಡಿಯನ್ನು ಸೀಳಬಲ್ಲವು. ಕೆಳಗಿನ ವಾತಾವರಣದಲ್ಲಿ ಸೀಳಿದ ಪರಮಾಣುಗಳು ಬಹುಬೇಗ ಮತ್ತೆ ಯಾವುದಾದರೂ ಅಣುವಿನೊಡನೆ ಕೂಡಿಕೊಳ್ಳುತ್ತವೆ. ಎರಡು ಪರಮಾಣುಗಳು ಕೂಡುವಾಗ ಬಿಡುಗಡೆಯಾಗುವ ಶಕ್ತಿಯನ್ನು ಹೊತ್ತೊಯ್ಯಲು ಮೂರನೆಯ ಕಣವೊಂದು ಅದೇ ಗಳಿಗೆಯಲ್ಲಿ ಅಲ್ಲಿರಬೇಕು. ಮೇಲಿನ ವಿರಳ ಪದರಗಳಲ್ಲಿ ಅಂಥ ಮೂವರ ಭೇಟಿ ಬಹು ಅಪರೂಪ. ಅಲ್ಲದೆ ನೂರು ಕಿ.ಮೀ. ದಾಟಿದ ಮೇಲೆ ವಾತಾವರಣವನ್ನು ಕಲಕಿ ಬೆರೆಸುವವರಿಲ್ಲದ ಕಾರಣ ಭಾರದ ಅನಿಲಗಳು ಕೆಳಗುಳಿದು ಹಗುರವಾದವು ಮೇಲೇರುತ್ತವೆ. ಈ ಎರಡೂ ಕಾರಣಗಳಿಂದಾಗಿ, ಸುಮಾರು 200 ಕಿ.ಮೀ.ಯಿಂದ ಮೇಲಕ್ಕೆ ಉಪಗ್ರಹಗಳು ಹೆಚ್ಚಾಗಿ ಸುತ್ತುವ ಪ್ರದೇಶದಲ್ಲಿ ಒಂಟಿ ಆಮ್ಲಜನಕ ಪರಮಾಣುವೇ ಬಹುಸಂಖ್ಯಾತ. ಎರಡನೆಯ ಸ್ಥಾನ ಸಾರಜನಕದ ಅಣುವಿನದು.

ಒಂಟಿ ಆಮ್ಲಜನಕ ರಾಸಾಯನಿಕವಾಗಿ ಬಲು ಹಸಿದ ಪದಾರ್ಥ. ಅದಕ್ಕೆ ನೌಕೆಯ ವೇಗವೂ ಸೇರುತ್ತದೆ. ಪರಮಾಣುಗಳು ತಮ್ಮ ಪಾಡಿಗೆ ತಾವು ಸೆಕೆಂಡಿಗೆ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಅಲೆಯುತ್ತಿದ್ದರೆ ನೌಕೆ ಅವುಗಳ ನಡುವೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗದಲ್ಲಿ ನುಗ್ಗುತ್ತದೆ. ಮಳೆಯಲ್ಲಿ ಬೈಕ್ ಓಡಿಸುವವನ ಎದೆ ತೊಯ್ದು ತೊಪ್ಪೆಯಾಗಿ ಬೆನ್ನು ಒಣಗಿರುವಂತೆ, ನೌಕೆಯ ಮುಮ್ಮೈಗೆ ಪರಮಾಣುಗಳ ಸುರಿಮಳೆಯಾಗುತ್ತದೆ, ಹಿಮ್ಮೈ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಆ ವೇಗದಲ್ಲಿ ಡಿಕ್ಕಿ ಹೊಡೆಯುವ ಒಂದು ಆಮ್ಲಜನಕ ಪರಮಾಣುವಿನ ಚಲನಶಕ್ತಿ, ಪರಮಾಣುಗಳ ಲೋಕದಲ್ಲಿ ಶಕ್ತಿಯನ್ನು ಅಳೆಯುವ ಮಾನದಲ್ಲಿ ಹೇಳುವುದಾದರೆ, ಸುಮಾರು 5 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಅದೇ ಪರಮಾಣುವಿನ ಶಕ್ತಿ ಇದರ ನೂರರಲ್ಲಿ ಒಂದು ಭಾಗವೂ ಇರದು. ಬಹುಪಾಲು ರಾಸಾಯನಿಕ ಬಂಧಗಳ ಬಲ 3ರಿಂದ 5 ಎಲೆಕ್ಟ್ರಾನ್ ವೋಲ್ಟ್‌ಗಳ ನಡುವೆ ಇರುವುದರಿಂದ, ಪ್ರತಿ ಡಿಕ್ಕಿಯೂ ಒಂದು ಬಂಧವನ್ನು ಮುರಿಯುವಷ್ಟು ಅಥವಾ ಹೊಸದನ್ನು ಕಟ್ಟುವಷ್ಟು ಬಂಡವಾಳವನ್ನು ಜೊತೆಗೇ ತರುತ್ತದೆ. 250 ಕಿ.ಮೀ. ಎತ್ತರದಲ್ಲಿ ಮುಮ್ಮೈಯ ಒಂದು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಕೋಟಿ ಪರಮಾಣುಗಳು ಬಂದು ಬೀಳುತ್ತವೆ. ಒಂದು ಚದರ ಸೆಂಟಿಮೀಟರ್ ಘನ ಮೇಲ್ಮೈಯಲ್ಲಿ ಹೊರಗೆ ಕಾಣುವ ಪರಮಾಣುಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೌಕೆಯ ಮುಮ್ಮೈಯ ಒಂದೊಂದು ಪರಮಾಣುವಿನ ಬಾಗಿಲನ್ನೂ ಸೆಕೆಂಡಿಗೊಮ್ಮೆ ಯಾರೋ ತಟ್ಟುತ್ತಲೇ ಇರುತ್ತಾರೆ. ಇದನ್ನು ಶೂನ್ಯವೆನ್ನುವುದು ಯಂತ್ರಶಾಸ್ತ್ರದ ದೃಷ್ಟಿಯಿಂದ ಸರಿಯಿರಬಹುದು, ರಸಾಯನಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲ.

ಕೊಲಂಬಿಯಾದ ಚಿತ್ರಗಳು ಬಂದಾಗ ವಿಜ್ಞಾನಿಗಳಿಗೆ ಹಳೆಯ ಸಂಶಯವೊಂದು ನೆನಪಾಯಿತು. 1973ರಿಂದ ಹಾರಿದ ಅಟ್ಮಾಸ್ಫಿಯರ್ ಎಕ್ಸ್‌ಪ್ಲೋರರ್ ಸರಣಿಯ ಉಪಗ್ರಹಗಳಲ್ಲಿ ರಾತ್ರಿಯ ಆಕಾಶದ ಸಹಜ ಪ್ರಭೆಯನ್ನು ಅಳೆಯುವ ಬೆಳಕುಮಾಪಕಗಳಿದ್ದವು. ಉಪಗ್ರಹ ತಿರುಗುತ್ತಾ ಮಾಪಕದ ಕಣ್ಣು ಮುಂದಕ್ಕೆ ನೋಡಿದಾಗ ಬೆಳಕು ಲೆಕ್ಕಕ್ಕಿಂತ ಹೆಚ್ಚು, ಹಿಂದಕ್ಕೆ ನೋಡಿದಾಗ ಕಡಿಮೆ ದಾಖಲಾಗುತ್ತಿತ್ತು. ಆಕಾಶಕ್ಕೆ ಉಪಗ್ರಹದ ಮುಂದು ಹಿಂದುಗಳು ತಿಳಿದಿರುವುದಿಲ್ಲವಾದ್ದರಿಂದ ಹೆಚ್ಚುವರಿ ಬೆಳಕು ಉಪಗ್ರಹದ್ದೇ ಆಗಿರಬೇಕಿತ್ತು. ಆ ದತ್ತಾಂಶವನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿ ನೋಡಿದಾಗ, ಸುಮಾರು 160 ಕಿ.ಮೀ.ಗಿಂತ ಮೇಲೆ ಈ ಬೆಳಕು ಆಮ್ಲಜನಕ ಪರಮಾಣುವಿನ ಸಾಂದ್ರತೆಯನ್ನೇ ನೆರಳಿನಂತೆ ಹಿಂಬಾಲಿಸುತ್ತಿರುವುದು ಗೊತ್ತಾಯಿತು. ಷಟಲ್‌ನ ಮುಂದಿನ ಯಾನಗಳಲ್ಲಿ ನೌಕೆಯ ಮೈಯನ್ನು ಹೊರಳಿಸಿ ನೋಡಿದಾಗ ಹೊಳಪೂ ಹೊರಳಿ, ಯಾವ ಭಾಗ ಚಲನೆಯ ದಿಕ್ಕಿಗೆ ಎದುರಾಗುತ್ತದೆಯೋ ಅಲ್ಲಿಗೇ ಬಂದು ಕುಳಿತಿತು.

ಅಪರಾಧಿ ಆಮ್ಲಜನಕ ಎಂಬುದು ಹೀಗೆ ಬೇಗನೆ ಗೊತ್ತಾದರೂ ಅದು ಯಾರೊಡನೆ ಸೇರಿ ಬೆಳಕನ್ನು ಹುಟ್ಟಿಸುತ್ತಿದೆ ಎಂಬುದಕ್ಕೆ ಉತ್ತರ ಸಿಗಲು ಸುಮಾರು ಹತ್ತು ವರ್ಷ ಹಿಡಿಯಿತು. ಆರಂಭದಲ್ಲಿ ಕೆಲವರು ಹೈಡ್ರಾಕ್ಸಿಲ್ ಕಡೆಗೆ, ಅಂದರೆ ನೀರಿನ ಅಣುವಿನಿಂದ ಒಂದು ಹೈಡ್ರೋಜನ್ ಕಳೆದರೆ ಉಳಿಯುವ ಜೋಡಿಯ ಕಡೆಗೆ, ಬೆರಳು ತೋರಿದರು. ನೌಕೆಯ ಮೈಯಿಂದ ಸದಾ ನೀರಾವಿ ಹೊರಬರುತ್ತಿರುವುದರಿಂದ ಅದು ಅಸಹಜ ಊಹೆಯೇನೂ ಆಗಿರಲಿಲ್ಲ. ಆದರೆ ಹೈಡ್ರಾಕ್ಸಿಲ್‌ನ ಬೆಳಕನ್ನು ಬಿಡಿಸಿದರೆ ಅದು ನಿರ್ದಿಷ್ಟ ತರಂಗಾಂತರಗಳಲ್ಲಿ ಪಟ್ಟಿಪಟ್ಟಿಯಾಗಿ ಕಾಣಬೇಕು. 1984ರ ಯಾನವೊಂದರಲ್ಲಿ ಷಟಲ್‌ನ ಹೊಳಪಿನ ರೋಹಿತವನ್ನು, ಅಂದರೆ ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಹರವನ್ನು, ಸಾಕಷ್ಟು ಸೂಕ್ಷ್ಮವಾಗಿ ದಾಖಲಿಸಿದಾಗ ಅಂಥ ಪಟ್ಟಿಗಳು ಕಾಣಲಿಲ್ಲ. ಬದಲಿಗೆ ನೀಲಿಯ ಕಡೆಯಿಂದ ನಿಧಾನವಾಗಿ ಏರಿ, 680 ನ್ಯಾನೊಮೀಟರ್ ಆಸುಪಾಸಿನ ಕೆಂಪಿನಲ್ಲಿ ತುದಿ ಮುಟ್ಟಿ, ಮತ್ತೆ ಇಳಿಯುವ ನುಣುಪಾದ ದಿಬ್ಬವೊಂದು ಕಂಡಿತು. ಇಂಥ ಅಖಂಡ ರೋಹಿತವನ್ನು ಕೊಡುವ ಅಣುವೊಂದು ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಪರಿಚಿತ. ಅದು ನೈಟ್ರೋಜನ್ ಡೈಆಕ್ಸೈಡ್, ನಗರಗಳ ವಾಹನ ಹೊಗೆಯ ಚರ್ಚೆಯಲ್ಲಿ ನಾವು ಆಗಾಗ ಕೇಳುವ ಅದೇ ಕಂದು ಬಣ್ಣದ ಅನಿಲ.

ಪ್ರಯೋಗಾಲಯದಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲಕ್ಕೆ ಒಂಟಿ ಆಮ್ಲಜನಕವನ್ನು ಬೆರೆಸಿದರೆ ಎರಡೂ ಕೂಡಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಆಗ ಬಿಡುಗಡೆಯಾಗುವ ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊಸ ಅಣುವಿನಲ್ಲೇ ಉಳಿದು ಅದನ್ನು ಉದ್ರಿಕ್ತ ಸ್ಥಿತಿಯಲ್ಲಿಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಶಕ್ತಿಯನ್ನು ಬೆಳಕಾಗಿ ಬಿಟ್ಟು ಅಣು ಶಾಂತವಾಗುತ್ತದೆ. ಆ ಬೆಳಕು ಸುಮಾರು 398 ನ್ಯಾನೊಮೀಟರಿನಲ್ಲಿ, ಅಂದರೆ ಬಂಧಶಕ್ತಿ ಪೂರ್ತಿಯಾಗಿ ಒಂದೇ ಬೆಳಕಿನ ಕಣವಾದಾಗ ಬರುವ ತರಂಗಾಂತರದಲ್ಲಿ, ಆರಂಭವಾಗಿ ಕೆಂಪಿನ ಆಚೆಗೂ ಹರಡುತ್ತದೆ. ಕಣ್ಣಿಗೆ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತದೆ. ಷಟಲ್‌ನ ಹೊಳಪು ಅದೇ ಕುಟುಂಬದ್ದು, ಆದರೆ ಕೆಂಪಿನ ಕಡೆಗೆ ಸರಿದದ್ದು. ಅನಿಲದ ನಡುವೆ ಹುಟ್ಟಿದ ಅಣುವಿಗೂ ಘನ ಮೇಲ್ಮೈಯ ಮೇಲೆ ಹುಟ್ಟಿದ ಅಣುವಿಗೂ ಶಕ್ತಿಯ ಹಂಚಿಕೆಯಲ್ಲಿ ವ್ಯತ್ಯಾಸವಿರುವುದೇ ಹೀಗೆ ಸರಿಯಲು ಕಾರಣ. ಮೇಲ್ಮೈಯ ಮೇಲೆ ಕೂಡಿಕೆ ನಡೆದಾಗ ಶಕ್ತಿಯ ಒಂದು ಪಾಲನ್ನು ಮೇಲ್ಮೈ ಸುಂಕದಂತೆ ವಸೂಲಿ ಮಾಡುತ್ತದೆ.

ಹೀಗಾಗಿ ಒಪ್ಪಿತವಾದ ಚಿತ್ರ ಇಷ್ಟು. ನೈಟ್ರಿಕ್ ಆಕ್ಸೈಡ್ ಅಣುಗಳು ನೌಕೆಯ ತಣ್ಣನೆಯ ಮೈಗೆ ಬಂದು ಅಂಟಿಕೊಳ್ಳುತ್ತವೆ. ಈ ಅಂಟಿಕೆ ಬಣ್ಣ ಬಳಿದಂಥದ್ದಲ್ಲ, ತಣ್ಣೀರಿನ ಲೋಟದ ಹೊರಮೈಗೆ ಹನಿ ಕೂತಂಥದ್ದು; ತುಸು ಬಿಸಿಯಾದರೆ ಎದ್ದುಹೋಗುವಷ್ಟು ಸಡಿಲ. ಹಾಗೆ ಕುಳಿತಿರುವ ಅಣುವಿನ ಮೇಲೆ ಎದುರಿನಿಂದ ಬರುವ ಆಮ್ಲಜನಕ ಪರಮಾಣು ನೇರವಾಗಿ ಬಂದು ಬಡಿದು ಕೂಡಿಕೊಳ್ಳುತ್ತದೆ. ಹುಟ್ಟಿದ ನೈಟ್ರೋಜನ್ ಡೈಆಕ್ಸೈಡ್ ಉದ್ರಿಕ್ತ ಸ್ಥಿತಿಯಲ್ಲಿಯೇ ಮೇಲ್ಮೈಯಿಂದ ಸಿಡಿದು ಹೊರಬಿದ್ದು, ದಾರಿಯಲ್ಲಿ ಬೆಳಕನ್ನು ಬಿಡುತ್ತದೆ.

ಬೆಳಕು ಏಕೆ ಮೈಯಲ್ಲೇ ನಿಲ್ಲದೆ ಒಂದು ಗೇಣು ಹಬ್ಬುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಅಚ್ಚುಕಟ್ಟಾದ ಉತ್ತರವಿದೆ, ಅದನ್ನು ಓದುಗರು ಲೆಕ್ಕ ಹಾಕಿ ನೋಡಬಹುದು. ಉದ್ರಿಕ್ತ ನೈಟ್ರೋಜನ್ ಡೈಆಕ್ಸೈಡ್ ತನ್ನ ಬೆಳಕನ್ನು ತಕ್ಷಣ ಬಿಡುವ ಅಣುವಲ್ಲ. ಅದರ ಸರಾಸರಿ ಆಯುಸ್ಸು ಸುಮಾರು 70 ಮೈಕ್ರೊಸೆಕೆಂಡ್ (ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ), ಅಣುಗಳ ಲೋಕದಲ್ಲಿ ದೀರ್ಘಾಯುಸ್ಸೇ ಸರಿ. ಚಿತ್ರಗಳನ್ನು ಅಳೆದಾಗ ಮೈಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ಹೊಳಪು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿದಿತ್ತು. 20 ಸೆಂಟಿಮೀಟರನ್ನು 70 ಮೈಕ್ರೊಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಕಿ.ಮೀ. ಬರುತ್ತದೆ. ಮೈಗೆ ಸುಮ್ಮನೆ ಅಂಟಿದ್ದು ಅದರ ಉಷ್ಣತೆಗೆ ಹೊಂದಿಕೊಂಡು ಮೆಲ್ಲನೆ ಏಳುವ ಅಣುವಿಗೆ ಇಷ್ಟು ವೇಗ ಬರಲು ಸಾಧ್ಯವೇ ಇಲ್ಲ. ಅದು ಸೆಕೆಂಡಿಗೆ ಕೆಲವು ನೂರು ಮೀಟರ್ ಹೋಗಬಹುದಷ್ಟೆ. ಹಾಗಾದರೆ ಬಂದು ಬಡಿದ ಆಮ್ಲಜನಕದ ಚಲನಶಕ್ತಿಯ ಒಂದು ಪಾಲು ಹೊಸ ಅಣುವಿನೊಡನೆ ಹೊರಟುಹೋಗುತ್ತಿದೆ ಎಂದಾಯಿತು. ಕ್ಯಾಮೆರಾದ ಫಿಲ್ಮಿನ ಮೇಲಿನ ಮಬ್ಬು ಪಟ್ಟಿಯ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದು, ಒಂದು ಅಣು ಹುಟ್ಟಿದ ಗಳಿಗೆಯಲ್ಲಿ ಪಡೆದ ನೂಕನ್ನು ತಿಳಿಯಬಹುದು ಎಂಬುದು ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಈ ಸಿದ್ಧಾಂತಕ್ಕೆ ಒಂದು ದೊಡ್ಡ ತೊಡಕಿತ್ತು. ಆ ಎತ್ತರದ ವಾತಾವರಣದಲ್ಲಿ ನೈಟ್ರಿಕ್ ಆಕ್ಸೈಡ್ ಬಹಳ ಕಡಿಮೆ. ಬಾಲದ ಮೇಲೆ ಅಷ್ಟೊಂದು ಸಂಗ್ರಹವಾಗಲು ಅದು ಎಲ್ಲಿಂದ ಬರುತ್ತದೆ? ಒಂದು ಮೂಲ ನೌಕೆಯ ಹೊಟ್ಟೆಯಲ್ಲೇ ಇತ್ತು. ಷಟಲ್‌ನ ದಿಕ್ಕು ತಿದ್ದುವ ಸಣ್ಣ ಎಂಜಿನ್‌ಗಳು ಮಾನೊಮೀಥೈಲ್ ಹೈಡ್ರಜೀನ್ ಮತ್ತು ನೈಟ್ರೋಜನ್ ಟೆಟ್ರಾಕ್ಸೈಡ್‌ಗಳನ್ನು ಉರಿಸುತ್ತಿದ್ದವು. ಅವುಗಳ ಹೊಗೆಯಲ್ಲಿ ಸಾರಜನಕದ ಸಂಯುಕ್ತಗಳು ಧಾರಾಳ. ಈ ಎಂಜಿನ್‌ಗಳನ್ನು ಉರಿಸಿದ ಕೂಡಲೇ ಹೊಳಪು ಒಮ್ಮೆ ಭುಗಿಲೆದ್ದು ಆಮೇಲೆ ನಿಧಾನವಾಗಿ ಮೊದಲಿನ ಮಟ್ಟಕ್ಕೆ ಇಳಿಯುತ್ತಿದ್ದುದನ್ನು ಯಾನಿಗಳು ಮೊದಲಿನಿಂದಲೂ ಗಮನಿಸಿದ್ದರು. ಆದರೆ ಎಂಜಿನ್ ಉರಿಯದೆ ಬಹಳ ಹೊತ್ತಾದ ಮೇಲೂ ಹೊಳಪು ಇರುತ್ತಿದ್ದುದರಿಂದ ಇನ್ನೊಂದು ಮೂಲವೂ ಇರಲೇಬೇಕಿತ್ತು. ಆ ಮೂಲ ವಾತಾವರಣದ ಸಾರಜನಕವೇ ಎನ್ನುವುದು ಹೆಚ್ಚು ಜನ ಒಪ್ಪಿದ ವಿವರಣೆ. ಸಾರಜನಕದ ಅಣುವನ್ನು ಆಮ್ಲಜನಕ ಒಡೆದು ನೈಟ್ರಿಕ್ ಆಕ್ಸೈಡ್ ಮಾಡಲು ಹೊರಗಿನಿಂದ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ನಮ್ಮ ಗಾಳಿಯಲ್ಲಿ ಇದು ಮಿಂಚು ಹೊಡೆದಾಗ ಅಥವಾ ಎಂಜಿನ್ನಿನ ಸಿಲಿಂಡರಿನಂಥ ಅತಿ ಬಿಸಿಯಾದ ಕಡೆ ಮಾತ್ರ ನಡೆಯುತ್ತದೆ. ನೌಕೆಯ ಮುಂದೆ, ಮೈಯಿಂದ ಪುಟಿದ ಅಣುವೂ ಎದುರಿನಿಂದ ಬರುವ ಪರಮಾಣುವೂ ಡಿಕ್ಕಿಯಾಗುವಾಗ ಆ ಶಕ್ತಿ ಉಚಿತವಾಗಿ ಒದಗಿಬರುತ್ತದೆ.

ಸಂಶಯವನ್ನು ಬಹುಮಟ್ಟಿಗೆ ನಿವಾರಿಸಿದ್ದು 1991ರ ಏಪ್ರಿಲ್ ಕೊನೆಯಲ್ಲಿ ಹೊರಟ ಡಿಸ್ಕವರಿ ನೌಕೆಯ ಯಾನ. ಅದರಲ್ಲಿ ಕಕ್ಷೆಯಲ್ಲೇ ಕೆಲವು ಅನಿಲಗಳನ್ನು ಬೇರೆಬೇರೆಯಾಗಿ ಹೊರಬಿಟ್ಟು ನೋಡುವ ಪ್ರಯೋಗವಿತ್ತು: ಝೆನಾನ್, ನಿಯಾನ್, ಕಾರ್ಬನ್ ಡೈಆಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್. ನೈಟ್ರಿಕ್ ಆಕ್ಸೈಡನ್ನು ಬಿಟ್ಟಾಗ ನೌಕೆಯ ಮೈಮೇಲಿನ ಹೊಳಪು ಎದ್ದುಕಾಣುವಷ್ಟು ಹೆಚ್ಚಾಯಿತು. ಆ ಹೆಚ್ಚಿದ ಬೆಳಕಿನ ರೋಹಿತ ಸಹಜ ಹೊಳಪಿನ ರೋಹಿತಕ್ಕೆ ಹೊಂದುತ್ತಿತ್ತು. ಮೈ ತಣ್ಣಗಿದ್ದಷ್ಟೂ ಹೊಳಪು ಹೆಚ್ಚು, ಬೆಚ್ಚಗಾದಷ್ಟೂ ಕಡಿಮೆ ಎಂದು ಹಿಂದಿನ ಯಾನಗಳಲ್ಲಿ ಕಂಡಿದ್ದ ಸಂಗತಿಗೂ ಇದರಿಂದ ಅರ್ಥ ಬಂತು. ತಣ್ಣನೆಯ ಮೈಮೇಲೆ ನೈಟ್ರಿಕ್ ಆಕ್ಸೈಡ್ ಹೆಚ್ಚು ಹೊತ್ತು ಕುಳಿತಿರುತ್ತದೆ, ಹಾಗಾಗಿ ಆಮ್ಲಜನಕಕ್ಕೆ ಸಿಕ್ಕಿಬೀಳುವ ಅವಕಾಶವೂ ಹೆಚ್ಚು. ಒಂದೇ ಹೊತ್ತಿನಲ್ಲಿ ಒಂದೇ ಸುರಿಮಳೆಗೆ ಒಡ್ಡಿದ ಬೇರೆಬೇರೆ ಲೇಪ, ಲೋಹ, ಪ್ಲಾಸ್ಟಿಕ್ಕುಗಳ ತುಂಡುಗಳು ಬೇರೆಬೇರೆ ಪ್ರಖರತೆಯಲ್ಲಿ ಹೊಳೆದದ್ದೂ ಇದೇ ಕಾರಣಕ್ಕೆ: ಹೊಳಪಿನ ಕಚ್ಚಾವಸ್ತು ವಾತಾವರಣದ್ದಾದರೂ ಕಾರ್ಖಾನೆ ಮೇಲ್ಮೈಯದು.

ಕಣ್ಣಿಗೆ ಕಾಣುವ ಬೆಳಕಷ್ಟೇ ಅಲ್ಲದೆ ಅವಕೆಂಪಿನಲ್ಲೂ ನೇರಳಾತೀತದಲ್ಲೂ ಇಂಥ ಹೊಳಪುಗಳಿವೆ. ಅವುಗಳ ಹಿಂದಿನ ಅಣುಗಳೂ ಕ್ರಿಯೆಗಳೂ ಬೇರೆ. 1994ರ ಮಾರ್ಚ್‌ನಲ್ಲಿ ಕೊಲಂಬಿಯಾ ನೌಕೆ ಇವುಗಳನ್ನು ಅಳೆಯಲೆಂದೇ ತನ್ನ ಕಕ್ಷೆಯ ಒಂದು ತುದಿಯನ್ನು 195 ಕಿ.ಮೀ. ಹತ್ತಿರಕ್ಕೆ ಇಳಿಸಿಕೊಂಡಿತ್ತು.

ಇಲ್ಲಿಯವರೆಗೆ ಹೇಳಿದ್ದು ಬೆಳಕಿನ ಬಾಬತ್ತು. ಅದೇ ಆಮ್ಲಜನಕ ಪರಮಾಣುವಿನ ಇನ್ನೊಂದು ಖಾತೆಯನ್ನು ತೆರೆಯದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಷಟಲ್‌ನ ಮೊದಲ ಯಾನಗಳು ಮುಗಿದು ನೌಕೆ ನೆಲಕ್ಕೆ ಬಂದಾಗ, ಸರಕು ಕೊಠಡಿಯ ಟಿವಿ ಕ್ಯಾಮೆರಾಗಳಿಗೆ ಹೊದಿಸಿದ್ದ ಕ್ಯಾಪ್ಟಾನ್ ಹಾಳೆಗಳು ಹೊಳಪು ಕಳೆದುಕೊಂಡು ಮಂಕಾಗಿದ್ದವು. ಕ್ಯಾಪ್ಟಾನ್ ಎಂದರೆ ಉಪಗ್ರಹಗಳ ಚಿತ್ರಗಳಲ್ಲಿ ಚಿನ್ನದ ಝರಿಯಂತೆ ಮಿನುಗುವ ಆ ತೆಳುವಾದ ಹೊದಿಕೆ. ಬಿಸಿಗೂ ಚಳಿಗೂ ಜಗ್ಗದ ಪ್ಲಾಸ್ಟಿಕ್ ಎಂದು ಅದಕ್ಕೆ ಹೆಸರು. ಒಂಟಿ ಆಮ್ಲಜನಕ ಅದರ ಇಂಗಾಲವನ್ನು ಒಂದೊಂದೇ ಪರಮಾಣುವಾಗಿ ಕಿತ್ತು ಕಾರ್ಬನ್ ಮೊನಾಕ್ಸೈಡ್, ಡೈಆಕ್ಸೈಡ್‌ಗಳಾಗಿ ಹಾರಿಸಿಕೊಂಡು ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಂಚೆ ಕನ್ನಡಿಯಂತಿದ್ದ ಮೈ ಈಗ ಒತ್ತಾಗಿ ನಿಂತ ಮುಳ್ಳುಗಳ ರತ್ನಗಂಬಳಿಯಂತೆ ಕಾಣುತ್ತದೆ. ಬೆಳ್ಳಿಯ ಗತಿಯೂ ಇದೇ. ನಮ್ಮ ಮನೆಗಳ ದೇವರ ದೀಪ ಕಪ್ಪಾಗುವುದು ಗಾಳಿಯ ಗಂಧಕದಿಂದ, ಉಜ್ಜಿದರೆ ಮತ್ತೆ ಬೆಳಗುತ್ತದೆ. ಕಕ್ಷೆಯಲ್ಲಿ ಬೆಳ್ಳಿ ಆಮ್ಲಜನಕದೊಡನೆ ಸೇರಿ ಪೊರೆಪೊರೆಯಾಗಿ ಎದ್ದು ಉದುರಿಹೋಗುತ್ತದೆ. ಸೌರಕೋಶಗಳನ್ನು ಜೋಡಿಸುವ ಬೆಳ್ಳಿಯ ಪಟ್ಟಿಗಳಿಗೆ ಇದು ಸಣ್ಣ ಅಪಾಯವಲ್ಲ.

ಕ್ಯಾಪ್ಟಾನ್ ಎಷ್ಟು ಸವೆಯುತ್ತದೆ ಎಂಬುದಕ್ಕೆ ಚೆನ್ನಾಗಿ ಅಳೆದ ಅಂಕಿ ಇದೆ, ಹಾಗಾಗಿ ಬೇರೆ ಪದಾರ್ಥಗಳ ಸವೆತವನ್ನೂ ಅದಕ್ಕೆ ಹೋಲಿಸಿ ಹೇಳುವ ರೂಢಿಯಿದೆ. ಆ ಅಂಕಿಯನ್ನು ವಾತಾವರಣದ ಸರಾಸರಿ ಸಾಂದ್ರತೆಗೆ ಗುಣಿಸಿದರೆ, ಬಾಹ್ಯಾಕಾಶ ನಿಲ್ದಾಣವಿರುವ 400 ಕಿ.ಮೀ. ಎತ್ತರದಲ್ಲಿ ಮುಮ್ಮೈಗೆ ಒಡ್ಡಿದ ಹಾಳೆ ದಿನಕ್ಕೆ ಮೈಕ್ರೊಮೀಟರಿನ ಸುಮಾರು ಐದನೆಯ ಒಂದು ಭಾಗದಷ್ಟು ತೆಳುವಾಗುತ್ತದೆ. 25 ಮೈಕ್ರೊಮೀಟರ್ ದಪ್ಪದ ಹಾಳೆ ಅಲ್ಲಿ ನಾಲ್ಕು ತಿಂಗಳು ಬಾಳೀತು. ಅದೇ ಹಾಳೆಯನ್ನು 200 ಕಿ.ಮೀ.ಗೆ ಇಳಿಸಿದರೆ ದಿನಕ್ಕೆ ಎಂಟು ಮೈಕ್ರೊಮೀಟರ್ ಸವೆದು ಮೂರು ದಿನದಲ್ಲಿ ಇಲ್ಲವಾಗುತ್ತದೆ. 1984ರ ಏಪ್ರಿಲ್‌ನಲ್ಲಿ ಕಕ್ಷೆಗೆ ಬಿಟ್ಟು 1990ರ ಜನವರಿಯಲ್ಲಿ ಷಟಲ್ ಮೂಲಕವೇ ಮರಳಿ ತಂದ ಎಲ್‌ಡಿಇಎಫ್ ಎಂಬ ಪರೀಕ್ಷಾ ಉಪಗ್ರಹ, ಮುಮ್ಮೈ ಹಿಮ್ಮೈಗಳ ಈ ವ್ಯತ್ಯಾಸಕ್ಕೆ ಇಂದಿಗೂ ಅತ್ಯುತ್ತಮ ಸಾಕ್ಷಿ. ಐದೂಮುಕ್ಕಾಲು ವರ್ಷ ಒಂದೇ ಮುಖವನ್ನು ಮುಂದಿಟ್ಟುಕೊಂಡು ಸುತ್ತಿದ ಅದರ ಎದುರು ಭಾಗದಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆಗಳು ಮಾಯವಾಗಿದ್ದವು. ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿದೆ: ಈಗಾಗಲೇ ಆಮ್ಲಜನಕ ಉಂಡು ತೃಪ್ತವಾಗಿರುವ ಪದಾರ್ಥವನ್ನು ಮೇಲೆ ಹೊದಿಸುವುದು. ನಿಲ್ದಾಣದ ಸೌರಫಲಕಗಳ ಕ್ಯಾಪ್ಟಾನ್ ಹಾಳೆಗೆ ಸಿಲಿಕಾನ್ ಆಕ್ಸೈಡಿನ ಅತಿ ತೆಳುವಾದ ಲೇಪವಿದೆ. ಆದರೆ ಲೇಪದಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಆಮ್ಲಜನಕ ಅದರೊಳಗೆ ನುಗ್ಗಿ, ಗೆದ್ದಲು ಮರವನ್ನು ಒಳಗೊಳಗೇ ತಿನ್ನುವಂತೆ, ಮೇಲ್ಪದರವನ್ನು ಹಾಗೆಯೇ ಬಿಟ್ಟು ಕೆಳಗನ್ನು ಟೊಳ್ಳು ಮಾಡುತ್ತದೆ.

ಈಗಿನ ಸಂದರ್ಭಕ್ಕೆ ಬರೋಣ. ಷಟಲ್‌ನ ಆ ಮೊದಲ ಯಾನಗಳ ನಂತರದ ದಶಕಗಳಲ್ಲಿ ಬಹುಪಾಲು ಉಪಗ್ರಹಗಳು 500 ಕಿ.ಮೀ. ಮತ್ತು ಅದಕ್ಕೂ ಮೇಲಿನ ಕಕ್ಷೆಗಳನ್ನು ಆರಿಸಿಕೊಂಡಿದ್ದರಿಂದ ಹೊಳಪಿನ ಪ್ರಶ್ನೆ ಹಿಂದೆ ಸರಿಯಿತು. 600 ಕಿ.ಮೀ. ಆಸುಪಾಸಿನಲ್ಲಿ ಸುತ್ತಲು ಆರಂಭಿಸಿದ ಹಬಲ್ ದೂರದರ್ಶಕಕ್ಕೆ ಆ ಎತ್ತರವೇ ರಕ್ಷೆಯಾಯಿತು. ಷಟಲ್‌ಗಳ ಹೊಳಪು ಕಂಡ 250 ಕಿ.ಮೀ.ಗೆ ಹೋಲಿಸಿದರೆ ಅಲ್ಲಿ ಅನಿಲ ನೂರಾರು ಪಟ್ಟು ವಿರಳ. ಆದರೆ ಈಗ ಪ್ರವಾಹ ಹಿಂದಿರುಗುತ್ತಿದೆ. ಕೆಳಗಿನಿಂದ ತೆಗೆದ ಚಿತ್ರ ಚಿಕ್ಕ ಮಸೂರದಲ್ಲೂ ಸ್ಪಷ್ಟವಾಗಿ ಬರುತ್ತದೆ, ಸಂದೇಶ ಬೇಗ ತಲುಪುತ್ತದೆ, ಕೆಟ್ಟುನಿಂತ ಉಪಗ್ರಹ ಕಸವಾಗಿ ಉಳಿಯದೆ ತಾನಾಗಿಯೇ ಬಿದ್ದು ಸುಟ್ಟುಹೋಗುತ್ತದೆ. ಈ ಆಕರ್ಷಣೆಗಳಿಂದಾಗಿ 300 ಕಿ.ಮೀ.ಗಿಂತ ಕೆಳಗಿನ ಕಕ್ಷೆಗಳ ಕಡೆಗೆ ಹಲವರ ಕಣ್ಣು ಬಿದ್ದಿದೆ. ಯುರೋಪಿನ ಗೋಚೆ ಉಪಗ್ರಹ 2009ರಿಂದ 2013ರವರೆಗೆ ಝೆನಾನ್ ಅಯಾನು ಎಂಜಿನ್ನಿನ ನೆರವಿನಿಂದ 255 ಕಿ.ಮೀ.ಯಲ್ಲಿ, ಕೊನೆಗೆ ಸುಮಾರು 224 ಕಿ.ಮೀ.ಯಲ್ಲಿ ಹಾರಿತು. 2017ರ ಡಿಸೆಂಬರಿನಲ್ಲಿ ಹಾರಿದ ಜಪಾನಿನ ಸುಬಾಮೆ 2019ರಲ್ಲಿ 167.4 ಕಿ.ಮೀ.ಗೆ ಇಳಿದು ಅಲ್ಲಿಯೂ ಕಕ್ಷೆಯನ್ನು ಕಾಯ್ದುಕೊಂಡಿತು. ಅದರಲ್ಲಿ ಒಂಟಿ ಆಮ್ಲಜನಕವನ್ನೂ ಪದಾರ್ಥಗಳ ಸವೆತವನ್ನೂ ಅಳೆಯುವ ಉಪಕರಣಗಳಿದ್ದವು. ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಕಂಪನಿ 200 ಕಿ.ಮೀ. ಎತ್ತರದಲ್ಲಿ ಹಾರುವ ಉಪಗ್ರಹದ ಯೋಜನೆಯನ್ನು ಪ್ರಕಟಿಸಿದೆ. ಇಸ್ರೊ ಕೂಡ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತವನ್ನೇ 350 ಕಿ.ಮೀ. ಕಕ್ಷೆಯಲ್ಲಿ ಪ್ರಯೋಗವೇದಿಕೆಯಾಗಿ ಬಳಸಿದೆ.

ಇಷ್ಟು ಕೆಳಗೆ ಇಳಿದಾಗ ಮೊದಲು ಕಾಡುವುದು ಎಳೆತ, ಅಂದರೆ ವಿರಳ ಗಾಳಿ ಉಪಗ್ರಹದ ಓಟಕ್ಕೆ ಒಡ್ಡುವ ತಡೆ. 2022ರ ಫೆಬ್ರುವರಿಯಲ್ಲಿ ಸುಮಾರು 210 ಕಿ.ಮೀ.ಯಲ್ಲಿ ಬಿಟ್ಟ 49 ಸ್ಟಾರ್‌ಲಿಂಕ್ ಉಪಗ್ರಹಗಳ ಪೈಕಿ ಬಹುಪಾಲು, ಸೌರಬಿರುಗಾಳಿಯಿಂದ ಉಬ್ಬಿದ ವಾತಾವರಣದ ಎಳೆತಕ್ಕೆ ಸಿಲುಕಿ ಮೇಲೇರಲಾಗದೆ ಬಿದ್ದುಹೋದದ್ದು ಅನೇಕರಿಗೆ ನೆನಪಿರಬಹುದು. ಎಳೆತವನ್ನು ನಾವು ಸಾಮಾನ್ಯವಾಗಿ ಗಾಳಿಯ ಸಾಂದ್ರತೆ ಮತ್ತು ಉಪಗ್ರಹದ ಆಕಾರದ ಲೆಕ್ಕವೆಂದು ತಿಳಿಯುತ್ತೇವೆ. ಆದರೆ ಕಣಗಳು ಬಿಡಿಬಿಡಿಯಾಗಿ ಬಡಿಯುವ ಈ ಪ್ರದೇಶದಲ್ಲಿ, ಬಡಿದ ಕಣ ಯಾವ ವೇಗದಲ್ಲಿ, ಯಾವ ದಿಕ್ಕಿಗೆ ಹಿಂದಿರುಗುತ್ತದೆ ಎಂಬುದೂ ಎಳೆತವನ್ನು ನಿರ್ಧರಿಸುತ್ತದೆ. ಓರೆಯಾಗಿಟ್ಟ ನುಣುಪಾದ ಮೈಯಿಂದ ಕಣ ಕೇರಂ ಬೋರ್ಡಿನ ಪಾನಿನಂತೆ ಜಾರಿಹೋದರೆ ಎಳೆತ ಕಡಿಮೆ. ಮೈಗೆ ಅಂಟಿ, ತನ್ನ ಶಕ್ತಿಯನ್ನೆಲ್ಲ ಒಪ್ಪಿಸಿ, ಮನಬಂದ ದಿಕ್ಕಿಗೆ ಎದ್ದುಹೋದರೆ ಎಳೆತ ಹೆಚ್ಚು. ಕೆಳಕಕ್ಷೆಯಲ್ಲಿ ಮೈ ಯಾವುದೇ ಆಗಿರಲಿ, ಬೇಗನೆ ಅದರ ಮೇಲೆ ಆಮ್ಲಜನಕದ ಪದರ ಕುಳಿತು ಅದು ಎರಡನೆಯ ಬಗೆಯದಾಗಿ ಬದಲಾಗುತ್ತದೆ. ಇದನ್ನು ತಪ್ಪಿಸುವ ಮೇಲ್ಮೈಗಾಗಿ ಹುಡುಕಾಟ ನಡೆದಿದೆ. 2021ರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿಟ್ಟ ಸೋರ್ ಎಂಬ ಪುಟ್ಟ ಯುರೋಪಿಯನ್ ಉಪಗ್ರಹದ ಉದ್ದೇಶವೇ ಬೇರೆಬೇರೆ ಪದಾರ್ಥಗಳ ಮೇಲಿನ ಎಳೆತವನ್ನು ಹೋಲಿಸುವುದಾಗಿತ್ತು.

ಹೊಳಪು, ಸವೆತ, ಎಳೆತ ಈ ಮೂರನ್ನೂ ಬೇರೆಬೇರೆ ಇಲಾಖೆಗಳ ವಿಷಯವೆಂಬಂತೆ ನೋಡುವ ರೂಢಿ ಇದೆ. ಬೆಳಕು ದೂರದರ್ಶಕದವರದು, ಸವೆತ ಪದಾರ್ಥವಿಜ್ಞಾನಿಗಳದು, ಎಳೆತ ಕಕ್ಷೆಯ ಲೆಕ್ಕದವರದು. ನನ್ನ ಅಭಿಪ್ರಾಯದಲ್ಲಿ ಇದು ಸರಿಯಾದ ವಿಂಗಡಣೆಯಲ್ಲ. ಮೂರೂ ಒಂದೇ ಪ್ರಶ್ನೆಯ ಉತ್ತರಗಳು: 5 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಡನೆ ಬಂದ ಪರಮಾಣುವಿಗೆ ಮೇಲ್ಮೈ ಏನು ಮಾಡಿತು? ಹಾಗೆಯೇ ಬಿಟ್ಟಿತೇ, ಹಿಡಿದಿಟ್ಟುಕೊಂಡಿತೇ, ತನ್ನದೇ ತುಣುಕೊಂದನ್ನು ಕೊಟ್ಟು ಕಳಿಸಿತೇ, ಅಥವಾ ಮೊದಲೇ ಕುಳಿತಿದ್ದ ನೈಟ್ರಿಕ್ ಆಕ್ಸೈಡಿನೊಡನೆ ಜೋಡಿ ಮಾಡಿ ಬೆಳಗಿಸಿತೇ? ಈ ನಾಲ್ಕರಲ್ಲಿ ದೂರದಿಂದಲೇ, ಮೈಯನ್ನು ಮುಟ್ಟದೆ, ಪ್ರತಿ ರಾತ್ರಿಯೂ ನೋಡಬಹುದಾದದ್ದು ಹೊಳಪೊಂದೇ. ಕೆಳಕಕ್ಷೆಯ ಉಪಗ್ರಹಗಳಲ್ಲಿ ಸವೆತದ ಮಾಪಕ, ಎಳೆತದ ಮಾಪಕಗಳಿಗೆ ಸಿಗುವ ಜಾಗದಲ್ಲಿ ಒಂದು ಸಣ್ಣ ಬೆಳಕುಮಾಪಕಕ್ಕೂ ಪಾಲು ಸಿಕ್ಕರೆ ಮೈಮೇಲಿನ ಪದರದ ಸ್ಥಿತಿಯನ್ನು ಗಂಟೆಗಂಟೆಗೂ ತಿಳಿಯಬಹುದು.

ನೆಲದ ಮೇಲಿನ ಪರೀಕ್ಷೆ ಇದಕ್ಕೆ ಪೂರ್ತಿ ಬದಲಿಯಾಗಲಾರದು. ಸೆಕೆಂಡಿಗೆ ಎಂಟು ಕಿಲೋಮೀಟರ್ ವೇಗದ ತಟಸ್ಥ ಆಮ್ಲಜನಕ ಪರಮಾಣುಗಳ ಧಾರೆಯನ್ನು ತಯಾರಿಸುವುದು ಸುಲಭವಲ್ಲ. ತಟಸ್ಥ ಕಣವನ್ನು ವಿದ್ಯುತ್ ಕ್ಷೇತ್ರದಿಂದ ಎಳೆದು ಓಡಿಸಲಾಗದು. ಆಮ್ಲಜನಕ ಅನಿಲದ ಮೇಲೆ ಪ್ರಬಲ ಲೇಸರ್ ಮಿಡಿತವನ್ನು ಕೇಂದ್ರೀಕರಿಸಿ, ಆ ಸ್ಫೋಟದಿಂದ ಹೊಮ್ಮುವ ಪರಮಾಣುಗಳನ್ನು ಬಳಸುವ ವಿಧಾನ ಇವತ್ತು ಹೆಚ್ಚು ಚಾಲ್ತಿಯಲ್ಲಿದೆ. ಆದರೆ ಆ ಧಾರೆ ಬರುವುದು ಬಿಡಿಬಿಡಿ ಮಿಡಿತಗಳಾಗಿ, ಜೊತೆಗೆ ಸ್ಫೋಟದ ನೇರಳಾತೀತ ಬೆಳಕೂ ಮಾದರಿಯ ಮೇಲೆ ಬೀಳುತ್ತದೆ. ಕಕ್ಷೆಯಲ್ಲಿ ಎಡೆಬಿಡದೆ ಸುರಿಯುವ ಮಳೆಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲದೆ ಕಕ್ಷೆಯ ಮಳೆಯೂ ಒಂದೇ ಸಮನಾಗಿರುವುದಿಲ್ಲ: ಸೂರ್ಯನ ಹನ್ನೊಂದು ವರ್ಷಗಳ ಚಕ್ರದ ಏರಿಳಿತದೊಡನೆ 400 ಕಿ.ಮೀ. ಎತ್ತರದ ಸಾಂದ್ರತೆ ಸುಮಾರು ಹತ್ತು ಪಟ್ಟು ಬದಲಾಗುತ್ತದೆ.

ಉಪಗ್ರಹವನ್ನು ವಿನ್ಯಾಸಗೊಳಿಸುವವರಿಗೆ ಇದೆಲ್ಲ ಕೊನೆಗೆ ಬಂದು ನಿಲ್ಲುವುದು ಬಹಳ ಸಣ್ಣ ನಿರ್ಧಾರಗಳಲ್ಲಿ. 200 ಕಿ.ಮೀ. ಕಕ್ಷೆಯಲ್ಲಿ ಒಂದು ಸುತ್ತಿಗೆ ಒಂದೂವರೆ ಗಂಟೆಗಿಂತ ತುಸು ಕಡಿಮೆ ಸಮಯ; ಅದರಲ್ಲಿ ಅರ್ಧಗಂಟೆಗೂ ಮೀರಿ ಕತ್ತಲು. ಮೈ ತಣ್ಣಗಾಗುವುದು ಆ ಕತ್ತಲಲ್ಲೇ, ಹೊಳಪು ಹೆಚ್ಚುವುದೂ ಆಗಲೇ, ನಗರಗಳ ರಾತ್ರಿದೀಪಗಳನ್ನೋ ಕಾಡ್ಗಿಚ್ಚನ್ನೋ ನಕ್ಷತ್ರಗಳನ್ನೋ ನೋಡಬೇಕಾದ ಕ್ಯಾಮೆರಾ ಕಣ್ಣು ತೆರೆಯುವುದೂ ಆಗಲೇ. ಮುಮ್ಮೈಯ ಅಂಚಿನಿಂದ ಒಂದು ಗೇಣಿನೊಳಗೆ ಮಸೂರವನ್ನು ಕೂರಿಸಿದರೆ ಅದು ತನ್ನದೇ ಉಪಗ್ರಹದ ಬೆಳಕಿನ ಮೂಲಕವೇ ಲೋಕವನ್ನು ನೋಡಬೇಕಾಗುತ್ತದೆ. ಹಿಂಬದಿಗೆ ಸರಿಸಿ, ಪರಮಾಣುಗಳ ಮಳೆ ಬೀಳದ ಮರೆಯಲ್ಲಿಟ್ಟು, ಅದರ ಕಣ್ಣೆದುರಿನ ನಳಿಗೆಯನ್ನು ತುಸು ಬೆಚ್ಚಗಿರಿಸಿದರೆ, ಆ ಕೆಂಪು ಮಬ್ಬು ಅದರ ದೃಷ್ಟಿಗೆ ಅಡ್ಡ ಬರುವುದು ಬಹುಮಟ್ಟಿಗೆ ತಪ್ಪುತ್ತದೆ.